ಹಾರ್ಮೋನಿಯಂ ಮೇಷ್ಟ್ರ ಮೊಮ್ಮಗಳು

ನನ್ನ ಬಾಮೈದ ದೊಡ್ಡಬಳ್ಳಾಪುರದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಾನೆ. ಮದುವೆ, ನಾಮಕರಣ, ಗಣೇಶನ ಪೆಂಡಾಲು, ಚುನಾವಣೆಯ ಭಾಷಣ, ಎಲ್ಲ ಕಡೆಗೂ ಅವನ ಸ್ಪೀಕರುಗಳು ಓಡಾಡುತ್ತಿರುತ್ತವೆ. ಬೆಂಗಳೂರಿನ ದೊಡ್ಡ ಕಾರ್ಯಕ್ರಮದವರು ತಮ್ಮ ಸಾಮಾನು ಸಾಲದೆ ಬಂದಾಗ ಅವನನ್ನೂ ಕರೆಯುವುದುಂಟು. ಎರಡು ವರ್ಷದ ಹಿಂದೆ ಹಾಗೊಂದು ಕರೆ ಬಂದ ವಾರ ನಮ್ಮ ಮನೆಗೆ ಬಂದು, ಜೇಬಿನಿಂದ ಎರಡು ಪಾಸು ತೆಗೆದು ತನ್ನ ಅಕ್ಕನ ಕೈಗೆ ಕೊಟ್ಟ.

'ಭಾನುವಾರ ಸಂಜೆ ಭಾವನ್ನ ಕರ್ಕೊಂಡ್ ಬಾ ಅಕ್ಕ. ಜಾಝ್ ಫ್ಯೂಷನ್ ಅಂತೆ. ಕೀಬೋರ್ಡ್ ನುಡಿಸೋ ಹುಡುಗಿ ಭಾರಿ ಫೇಮಸ್ಸು.'

'ಹಾಡೋರು ಯಾರು?' ಎಂದು ನಾನು ಕೇಳಿದೆ.

'ಯಾರೂ ಹಾಡಲ್ಲ ಭಾವ. ಬರೀ ನುಡಿಸ್ತಾರೆ.'

'ಹಾಡೋರೇ ಇಲ್ದಿದ್ಮೇಲೆ ಅಷ್ಟೊತ್ತು ಕೂತು ಏನ್ ಮಾಡೋದು?'

'ಸುಮ್ನೆ ಕೂತ್ಕೊಳ್ಳಿ. ಏಸಿ ಹಾಲು.'

ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ದಿನವಿಡೀ ಫೋರ್ಕ್‌ಲಿಫ್ಟು ಹಿಂದೆ ಬರುವಾಗಿನ ಕೀರಲು ಸದ್ದು, ಲಾರಿಯವರ ಹಾರನ್ನು, ಕಬ್ಬಿಣದ ರ‍್ಯಾಕುಗಳ ದಡಬಡ. ಮನೆಗೆ ಬಂದ ಮೇಲೆ ಕಿವಿಗೆ ರಜೆ ಕೊಡಬೇಕು ಅನ್ನಿಸುವ ಜಾತಿ ನಾನು. ನನ್ನ ಹೆಂಡತಿ ಹಾಗಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳು ಅಡುಗೆಮನೆಯ ಕಿಟಕಿಯಲ್ಲಿ ಫೋನು ನಿಲ್ಲಿಸಿಕೊಂಡು ಯಾವ ದೇಶದ ಸಂಗೀತವನ್ನಾದರೂ ಕೇಳುತ್ತಾಳೆ. ಪಾಸು ನೋಡಿದ್ದೇ ತಡ, 'ನಾವು ಬರ್ತೀವಿ' ಎಂದು ನನ್ನ ಪರವಾಗಿಯೂ ಅವಳೇ ಹೇಳಿಬಿಟ್ಟಳು.

ಹಾಲು ತುಂಬಿತ್ತು. ನಮ್ಮ ಸುತ್ತ ಕೂತಿದ್ದವರೆಲ್ಲ ನಮ್ಮ ಮಕ್ಕಳ ವಯಸ್ಸಿನವರು. ವೇದಿಕೆಯ ಮೇಲೆ ಒಬ್ಬ ಡ್ರಮ್ ಬಾರಿಸುವವನು, ಬಡಕಲು ದೇಹ, ಉದ್ದ ಕೂದಲು. ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದ ಇನ್ನೊಬ್ಬ. ನಡುವೆ, ಒಂದರ ಮೇಲೊಂದು ಇಟ್ಟ ಎರಡು ಕೀಬೋರ್ಡುಗಳ ಹಿಂದೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹತ್ತಿಯ ಕುರ್ತಾ, ಕೂದಲಿಗೊಂದು ಕ್ಲಿಪ್ಪು, ಬರಿಗಾಲು. ಪಕ್ಕದ ಮನೆಯ ಹುಡುಗಿ ಮೊಸರಿಗೆ ಹೆಪ್ಪು ಕೇಳಲು ಬಂದ ಹಾಗಿದ್ದಳು.

ಮೊದಲನೆಯದು ಶುರುವಾದಾಗ ನಾನು ತೊಡೆಯ ಮೇಲೆ ಬೆರಳಾಡಿಸಿ ತಾಳ ಹಿಡಿಯಲು ನೋಡಿದೆ. ಸಿಕ್ಕಿತು ಅನ್ನುವಷ್ಟರಲ್ಲಿ ಕೈತಪ್ಪಿ ಹೋಗುತ್ತಿತ್ತು. ಎರಡು ಸಲ ಹಾಗಾದ ಮೇಲೆ ಕೈಕಟ್ಟಿ ಕೂತೆ. ಹೆಂಡತಿ ಕಿವಿಯ ಹತ್ತಿರ ಬಾಗಿ, 'ರೀ, ಎಣಿಸ್ಬೇಡಿ. ಮೂರು ಜನ ಜಗಲಿ ಮೇಲೆ ಕೂತು ಮಾತಾಡ್ತಿದಾರೆ ಅಂದ್ಕೊಂಡು ಕೇಳಿ' ಎಂದಳು.

ಹಾಗೆ ಕೇಳತೊಡಗಿದೆ. ನಿಧಾನಕ್ಕೆ ಒಳಗೆ ದಾರಿ ಕಾಣಿಸಿತು. ಬೇಸಿನವನು ಒಂದು ಮಾತು ಎತ್ತುತ್ತಿದ್ದ. ಅವಳು ಅದರ ಬಾಲ ಹಿಡಿದು ಬೇರೆ ಕಡೆಗೆ ಎಳೆಯುತ್ತಿದ್ದಳು. ಡ್ರಮ್ಮಿನವನು 'ಹೌದಾ? ಹೌದಾ?' ಎಂದು ಕೆಣಕುತ್ತಿದ್ದ. ಒಮ್ಮೆ ಅವನು ಕೆಣಕುತ್ತ ಕೆಣಕುತ್ತ ಬಹಳ ದೂರ ಹೋಗಿಬಿಟ್ಟ. ಆಗ ಅವಳು ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತ ನಗುತ್ತ ಕೂತಳು. ಬೇಗ ಬಾ ಎಂದು ಅವಸರಿಸಲಿಲ್ಲ. ಅವನು ಸುತ್ತಾಡಿಕೊಂಡು ವಾಪಸು ಬಂದ ಗಳಿಗೆಗೆ ಸರಿಯಾಗಿ ಒಂದೇ ಒಂದು ಬೆರಳು ಇಟ್ಟಳು. ಇಡೀ ಹಾಲು ಉಸಿರು ಬಿಟ್ಟಿತು. ಇದನ್ನು ಫೋನಿನಲ್ಲಿ ಕೇಳಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಆ ಕಾಯುವಿಕೆಯನ್ನು ಎದುರಿಗೆ ಕೂತು ನೋಡಬೇಕು. ಹಾಡುವವರಿಲ್ಲ ಎಂಬ ಕೊರಗು ನನಗೆ ಆಮೇಲೆ ನೆನಪಾಗಲೇ ಇಲ್ಲ.

ಮೂರೋ ನಾಲ್ಕೋ ಮುಗಿದ ಮೇಲೆ ಅವಳು ಮೈಕ್ ತೆಗೆದುಕೊಂಡಳು. ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ್ದವಳು ಕನ್ನಡಕ್ಕೆ ಹೊರಳಿದಳು.

'ಇದು ನಮ್ಮ ತಾತಂದು. ಅವ್ರು ಹಾರ್ಮೋನಿಯಂ ಮೇಷ್ಟ್ರು. ದೊಡ್ಡಬಳ್ಳಾಪುರ, ನೆಲಮಂಗಲ ಕಡೆ ಹಳ್ಳಿಗಳಲ್ಲಿ ನಾಟಕ ಕಲಿಸ್ತಿದ್ರು. ನಾನು ಚಿಕ್ಕೋಳಿದ್ದಾಗ ಒಂದು ಟ್ಯೂನ್ ಗುನುಗಿ ನನ್ನ ಮಲಗಿಸೋರು. ಅದನ್ನಿಟ್ಕೊಂಡು ಮಾಡಿದ್ದು. ನಿದ್ದೆ ಬಂದ್ರೆ ಮಾಡ್ಬಿಡಿ, ತಪ್ಪೇನಿಲ್ಲ.'

ಜನ ನಕ್ಕರು. ನಾನೂ ನಕ್ಕೆ. ಹಾರ್ಮೋನಿಯಂ ಮೇಷ್ಟ್ರು ನಮ್ಮ ಸೀಮೆಯಲ್ಲಿ ಒಬ್ಬರಲ್ಲ, ಹತ್ತಾರು ಜನ ಇದ್ದರು. ಹಳ್ಳಿಯವರು ಸೇರಿ ಪೌರಾಣಿಕ ನಾಟಕ ಆಡುವುದೆಂದು ನಿಶ್ಚಯವಾದರೆ ಅವರು ಪೆಟ್ಟಿಗೆ ಹೊತ್ತುಕೊಂಡು ಬಂದು, ತಿಂಗಳುಗಟ್ಟಲೆ ಊರಿನಲ್ಲೇ ಉಳಿದು, ಉಳುವವರಿಗೂ ಹಾಲು ಕರೆಯುವವರಿಗೂ ಮಾತು, ಪದ್ಯ, ಹಾಡು ಎಲ್ಲ ಕಲಿಸಿ ರಂಗ ಹತ್ತಿಸುತ್ತಿದ್ದರು. ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ನಾಟಕದವರ ಬಾಯಲ್ಲಿ ಅದಕ್ಕೆ ಅದೇ ಹೆಸರು.

ಅವಳು ನುಡಿಸತೊಡಗಿದಳು. ಡ್ರಮ್ಮು ಸುಮ್ಮನಿತ್ತು. ಬಲಗೈಯಲ್ಲಿ ಬಿಡಿ ಬಿಡಿ ಸ್ವರಗಳು ನಿಧಾನವಾಗಿ ಮೇಲೇರಿ, ಒಂದು ಕಡೆ ತಟ್ಟನೆ ಜಿಗಿದು, ಮತ್ತೆ ಇಳಿದು ಬಂದವು. ಅದೇ ಇನ್ನೊಂದು ಸುತ್ತು ಶುರುವಾಯಿತು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

ಎದ್ದಿದ್ದು ನನಗೆ ಗೊತ್ತಾಗಲಿಲ್ಲ. ಹೆಂಡತಿ ಅಂಗಿ ಹಿಡಿದು ಜಗ್ಗಿದಾಗ ಗೊತ್ತಾಯಿತು. 'ಏನ್ರೀ? ಏನಾಯ್ತು?' ಎನ್ನುತ್ತಿದ್ದಳು. ನನ್ನ ಎಡಗೈ ಬಿಲ್ಲು ಹಿಡಿದವರ ಹಾಗೆ ಮುಷ್ಟಿ ಕಟ್ಟಿತ್ತು ಎಂದು ಈಗಲೂ ನೆಂಟರಿಗೆಲ್ಲ ಹೇಳಿ ನಗುತ್ತಾಳೆ. ಹಿಂದಿನವರು ಕೂತ್ಕೊಳ್ಳಿ ಅನ್ನುತ್ತಾರೆ ಎಂದುಕೊಂಡೆ. ಅದಾಗಲಿಲ್ಲ. ತಾತನಿಗೆ ಗೌರವ ಕೊಡಲು ನಾನು ಎದ್ದೆ ಎಂದು ತಿಳಿದು ಹಿಂದಿನ ಸಾಲಿನ ನಾಲ್ಕೈದು ಹುಡುಗರೂ ಎದ್ದು ನಿಂತರು. ಅವರನ್ನು ನೋಡಿ ಆಚೆ ಬದಿಯವರು ಎದ್ದರು. ವೇದಿಕೆಯ ಮೇಲಿದ್ದವಳು ತಲೆ ಎತ್ತಿ ನೋಡಿ, ಗಾಬರಿಯಾಗಿ, ಆದರೂ ನುಡಿಸುವುದು ನಿಲ್ಲಿಸದೆ, ನಕ್ಕಳು.

ನಡೆದದ್ದು ಇಷ್ಟು. ನನಗೆ ಇಪ್ಪತ್ತು ತುಂಬಿದ ವರ್ಷ ನಮ್ಮೂರಿನಲ್ಲಿ ನಾಟಕ ಕಟ್ಟಿದ್ದರು. ನಮ್ಮೂರು ದೊಡ್ಡಬಳ್ಳಾಪುರಕ್ಕೆ ಹತ್ತಿರದ್ದೇ. ನನಗೆ ಸಿಕ್ಕಿದ್ದು ಬಿಲ್ಲು ಹಿಡಿದ ಕಿರಿಯ ರಾಜಕುಮಾರನ ಪಾತ್ರ. ನಮಗೆ ಕಲಿಸಲು ಬಂದ ಮೇಷ್ಟ್ರು ಪ್ರತಿ ಪಾತ್ರಕ್ಕೂ ಪ್ರವೇಶಕ್ಕೆಂದು ಒಂದೊಂದು ಮಟ್ಟು ಹೊಂದಿಸಿದ್ದರು. ಅದು ಕೇಳಿದ ಕೂಡಲೇ ಆ ಪಾತ್ರಧಾರಿ ತಯಾರಾಗಬೇಕು. ನಾನೋ ತೋಟದ ಕೆಲಸ ಮುಗಿಸಿ ಬರುತ್ತಿದ್ದವನು, ಅಭ್ಯಾಸದ ಜಾಗದಲ್ಲಿ ಕಂಬಕ್ಕೆ ಒರಗಿದರೆ ನಿದ್ದೆ. ಅದಕ್ಕೇ ಮೇಷ್ಟ್ರು ನನಗೊಂದು ನಿಯಮ ಮಾಡಿದ್ದರು. ಮೊದಲ ಸುತ್ತಿಗೆ ಏಳಬೇಕು, ಎರಡನೇ ಸುತ್ತಿಗೆ ಬಿಲ್ಲು ಹಿಡಿಯಬೇಕು, ಮೂರನೆಯದಕ್ಕೆ ರಂಗದ ಮೇಲೆ ಕಾಲಿಡಬೇಕು. ಏಳದಿದ್ದರೆ ಎದ್ದು ಬಂದು ತಲೆಯ ಮೇಲೆ ತಾಳ ಹಾಕುತ್ತಿದ್ದರು. ಆ ಮಟ್ಟು ತಲೆಯಿಂದ ಇಳಿದು ನೇರ ಕಾಲಿಗೇ ಹೋಗಿ ಕೂತಿತ್ತೆಂದು ಕಾಣುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಬಾಮೈದ ನಮ್ಮನ್ನು ವೇದಿಕೆಯ ಹಿಂದೆ ಕರೆದುಕೊಂಡು ಹೋದ. ಅವಳು ವೈರು ಸುತ್ತುತ್ತ ನೆಲದ ಮೇಲೆ ಕೂತಿದ್ದಳು.

'ಮಧ್ಯದಲ್ಲೇ ಎದ್ದು ನಿಂತಿದ್ದು ನೀವಲ್ವಾ ಅಂಕಲ್?'

'ನಾನಾಗಿ ಏಳ್ಲಿಲ್ಲಮ್ಮ. ನಿಮ್ಮ ತಾತ ಎಬ್ಬಿಸಿದ್ದು.'

ಅವಳು ವೈರು ಕೆಳಗಿಟ್ಟಳು. ನಾನು ಕೇಳಿದೆ, 'ಅವ್ರು ಕಿವಿಗೆ ಕೆಂಪು ಕಲ್ಲಿಂದು ಹಾಕ್ತಿದ್ರಾ? ಮಾತಾಡೋ ಮುಂಚೆ ಒಂದ್ಸಲ ಗಂಟಲು ಸರಿಮಾಡ್ಕೊಳ್ಳೋರಾ?'

'ಕೆಂಪು ಕಲ್ಲು ಈಗ ಅಪ್ಪನ ಹತ್ರ ಇದೆ' ಎಂದಳು, ಸಣ್ಣ ದನಿಯಲ್ಲಿ. 'ನಿಮಗೆ ತಾತ ಗೊತ್ತಾ?'

ನಾನು ಮಟ್ಟಿನ ಕಥೆ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿದಳು. 'ಅಂದ್ರೆ ಅದು ಲಾಲಿ ಅಲ್ವಾ?'

'ಲಾಲಿ ಎಲ್ಲಿಂದ ಬಂತಮ್ಮ? ನಿದ್ದೆ ಮಾಡೋನನ್ನ ಏಳ್ಸೋಕೆ ಮಾಡಿದ್ದು.'

'ನನ್ನ ಮಲಗಿಸೋಕೆ ಅದನ್ನೇ ಹಾಡ್ತಿದ್ರಲ್ಲ!'

'ನೀವು ಮಲಗ್ತಿದ್ರಾ?' ಎಂದು ನನ್ನ ಹೆಂಡತಿ ಕೇಳಿದಳು.

'ಇಲ್ಲ ಆಂಟಿ. ಇಡೀ ಮನೆ ಎಬ್ಬಿಸ್ತಿದ್ನಂತೆ. ಅಮ್ಮ ಇನ್ನೂ ಹೇಳ್ತಾರೆ.'

ನಾವೆಲ್ಲ ನಗುವ ಸದ್ದಿಗೆ ಡ್ರಮ್ಮಿನವನು ಇಣುಕಿ ನೋಡಿ ಹೋದ. ಆಮೇಲೆ ಅವಳು ವೈರನ್ನು ಮತ್ತೆ ಕೈಗೆತ್ತಿಕೊಂಡು, ತಾತ ತೀರಿಕೊಂಡಾಗ ತಾನಿನ್ನೂ ಶಾಲೆಗೆ ಸೇರಿದ್ದಷ್ಟೇ ಎಂದಳು. ಅಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ತಾತನ ವಿಷಯ ಎತ್ತಿದರೆ 'ಅವ್ರು ಮನೇಲಿ ಇರ್ತಿದ್ದದ್ದೇ ಕಮ್ಮಿ' ಎಂದು ಹೇಳಿ ಪೇಪರು ಬಿಡಿಸುತ್ತಾರೆ. ತಾತ ಯಾವ ಊರಿಗೆ ಹೋಗುತ್ತಿದ್ದರು, ಯಾರ ಮನೆಯಲ್ಲಿರುತ್ತಿದ್ದರು, ಏನೂ ಗೊತ್ತಿಲ್ಲ.

'ನಮ್ಮೂರಿಗೆ ಬರ್ತಿದ್ದಾಗ ನಮ್ಮ ದೊಡ್ಡಪ್ಪನ ಮನೇಲಿ ಇರ್ತಿದ್ರು' ಎಂದೆ. 'ಅವ್ರ ಮಗ, ರಾಜನ ಪಾತ್ರ ಮಾಡಿದ ನಮ್ಮಣ್ಣ, ಇನ್ನೂ ಅಲ್ಲೇ ಅವ್ನೆ. ನೀವು ಬರ್ತೀನಿ ಅಂದ್ರೆ ಹಾಡೇ ಹಾಡ್ತಾನೆ. ಬೇಡ ಅಂದ್ರೂ ಹಾಡ್ತಾನೆ.'

ಅವಳು ಬರುತ್ತೇನೆ ಎಂದಳು. ಸುಮ್ಮನೆ ಬಾಯಿಮಾತಿಗೆ ಹೇಳಿದ್ದಿರಬಹುದು ಎಂದುಕೊಂಡಿದ್ದೆ. ಒಂದು ವಾರದೊಳಗೆ ನನ್ನ ಹೆಂಡತಿಗೆ ಫೋನು ಬಂತು.

ಚಳಿ ಹಿಡಿದು, ಅವರೆಕಾಯಿ ಸೊಗಡು ಊರಿಗೆಲ್ಲ ಹರಡಿದ್ದ ಭಾನುವಾರ ಅದು. ಬಾಮೈದ ಬೆಳಿಗ್ಗೆಯೇ ಎರಡು ಸ್ಪೀಕರು, ಒಂದು ಜನರೇಟರು ತಂದು ಅಣ್ಣನ ಅಂಗಳದಲ್ಲಿ ಇಳಿಸಿದ್ದ. ಅಣ್ಣ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು, ಸೇವಂತಿಗೆ ಬೆಳೆಯುತ್ತಾನೆ. ಹೂವಿನ ಕೆಲಸವನ್ನೆಲ್ಲ ಆ ದಿನ ಸೊಸೆಗೆ ವಹಿಸಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬಿಸಿನೀರು ಕುಡಿದು ಕುಡಿದು ಗಂಟಲು ಹದಮಾಡಿಕೊಳ್ಳುತ್ತಿದ್ದ. ರಾಣಿಯ ಪಾತ್ರ ಮಾಡುತ್ತಿದ್ದ ನನ್ನ ಗೆಳೆಯನೂ ಬಂದಿದ್ದ. ಅವನಿಗೀಗ ದಾಬಸ್‌ಪೇಟೆಯ ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ. ದಪ್ಪ ಮೀಸೆ, ಅದಕ್ಕೊಪ್ಪುವ ಹೊಟ್ಟೆ. ಅವನು ಒಂದು ಕಾಲದಲ್ಲಿ ಸೀರೆಯುಟ್ಟು ಹಾಡಿ ಊರವರನ್ನು ಅಳಿಸಿದ್ದ ಎಂದರೆ ಅವನ ಹೆಂಡತಿ ಸಹ ನಂಬುತ್ತಿರಲಿಲ್ಲ. ಆಕೆ ಮದುವೆಯಾಗಿ ಬರುವಷ್ಟರಲ್ಲಿ ಊರಿನಲ್ಲಿ ನಾಟಕ ನಿಂತುಹೋಗಿತ್ತು.

ಕಾರಿನಿಂದ ಮೊದಲು ಇಳಿದದ್ದು ಅವಳ ಅಪ್ಪ. ಮಾಸಲು ನೀಲಿ ಸ್ವೆಟರು ಹಾಕಿದ್ದ ತೆಳ್ಳನೆಯ ಮನುಷ್ಯ. ಎಲ್ಲರಿಗೂ ಕೈಮುಗಿದು, ಅಂಗಳದ ತುದಿಯಲ್ಲಿದ್ದ ಕುರ್ಚಿ ನೋಡಿಕೊಂಡು ಹೋಗಿ ಕೂತರು. ಮಗಳನ್ನು ಕರೆತಂದಿದ್ದೇನೆ, ಅಷ್ಟೇ, ಅನ್ನುವ ಹಾಗೆ. ಅವಳು ಮಾತ್ರ ಒಂದು ಕಡೆ ಕೂರಲಿಲ್ಲ. ತಾತ ಮಲಗುತ್ತಿದ್ದ ಜಗಲಿ ಯಾವುದು, ಅಭ್ಯಾಸ ನಡೆಯುತ್ತಿದ್ದುದು ಎಲ್ಲಿ, ಅವರಿಗೆ ಊಟಕ್ಕೆ ಏನು ಇಷ್ಟ, ಎಂದು ಕೇಳುತ್ತ ಕೇಳುತ್ತ ಅಣ್ಣನ ಹಿಂದೆ ಮನೆಯೆಲ್ಲ ಸುತ್ತಿದಳು. ಜಗಲಿಯ ಮೇಲೆ ಒಂದು ಸಲ ಕಾಲು ಚಾಚಿ ಮಲಗಿಯೂ ನೋಡಿದಳು.

ಕೀಬೋರ್ಡು ಜೋಡಿಸಿದ ಮೇಲೆ ಅಣ್ಣ ಅದರ ಮುಂದೆ ನಿಂತು ಅನುಮಾನದಿಂದ ನೋಡಿದ. 'ಇದ್ರಲ್ಲಿ ಪೆಟ್ಟಿಗೆ ಸೌಂಡು ಬರ್ತದಾ ಮಗಾ?'

ಅವಳು ಒಂದು ಗುಂಡಿ ಒತ್ತಿ ನಾಲ್ಕು ಸ್ವರ ನುಡಿಸಿದಳು. ಥೇಟು ಹಾರ್ಮೋನಿಯಂ. ಅಣ್ಣನ ಮುಖ ಬದಲಾಯಿತು. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಯಾವ ಶ್ರುತಿಯೆಂದು ಕೇಳದೆ, ಹೇಳದೆ, ರಾಜನ ಕಂದ ಪದ್ಯ ಎತ್ತಿಯೇಬಿಟ್ಟ.

ಅಣ್ಣನ ಹಾಡಿಕೆಯ ಗುಣ ಊರಿಗೇ ಗೊತ್ತು. ಶುರುಮಾಡಿದ ಶ್ರುತಿಯಲ್ಲಿ ಅವನು ಮುಗಿಸಿದ್ದೇ ಇಲ್ಲ. ಉತ್ಸಾಹ ಏರಿದ ಹಾಗೆ ಶ್ರುತಿಯೂ ಏರುತ್ತದೆ. ಸಿಟ್ಟಿನ ಮಾತು ಬಂದರಂತೂ ಮೆಟ್ಟಿಲು ಬಿಟ್ಟು ಮೆಟ್ಟಿಲು ಹಾರುತ್ತಾನೆ. ಅವಳು ಮೊದಲ ಸಲ ತಬ್ಬಿಬ್ಬಾದಳು. ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು ಅಣ್ಣನ ಮುಖವನ್ನೇ ನೋಡಿದಳು. ಅವನು ಉಸಿರೆಳೆದು ಮುಂದಿನ ಸಾಲು ಹಿಡಿದಾಗ ಅವಳ ಬೆರಳು ಅವನಿದ್ದ ಕಡೆಯೇ ಇತ್ತು. ಅವನು ಮತ್ತೆ ಹಾರಿದ. ಅವಳೂ ಹಾರಿದಳು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಹಾರುವ ಮೊದಲೇ ಅವಳು ಅಲ್ಲಿ ಹೋಗಿ ಕಾಯುತ್ತಿದ್ದಳು. ಪದ್ಯ ಮುಗಿದಾಗ ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಹಣೆ ಒರೆಸಿಕೊಳ್ಳುತ್ತ, 'ಅಂಕಲ್, ನಮ್ಮ ಡ್ರಮ್ಮರ್‌ಗಿಂತ ನೀವೇ ಕಷ್ಟ' ಎಂದಳು.

'ನಿಮ್ಮ ತಾತನೂ ಬೈತಾನೇ ಇದ್ರು ಕಣಮ್ಮ' ಎಂದ ಅಣ್ಣ. 'ಎತ್ತೆತ್ತಗೋ ಹೋಗ್ತೀಯಲ್ಲೋ ಅಂತ. ಬೈಕೊಂಡೇ ಹಿಂದೆ ಬರೋರು. ಒಂದ್ ದಿನಾನೂ ನನ್ನ ಮಧ್ಯದಾರೀಲಿ ಬಿಟ್ಟೋರಲ್ಲ.'

ಆಮೇಲೆ ನನ್ನ ಸರದಿ. ಅವಳು ನನ್ನ ಮಟ್ಟು ನುಡಿಸಿದಳು. ನಾನು ಈ ಸಲ ಬೇಕೆಂದೇ ಎದ್ದೆ. ಆದರೆ ಅಣ್ಣ ನಗತೊಡಗಿದ.

'ಮಗಾ, ನಿಂದೂ ಕೆಟ್ಟೋಗಿದ್ಯಾ?'

'ಏನಂಕಲ್?'

'ಪೆಟ್ಟಿಗೆ. ಮಧ್ಯ ಒಂದು ಸ್ವರ ಬಿಟ್ಟು ನೆಗೀತೀಯಲ್ಲ ಅಲ್ಲಿ. ಮೇಷ್ಟ್ರ ಪೆಟ್ಟಿಗೇಲಿ ಆ ಸ್ವರ ಹೊಡೀತಾನೇ ಇರ್ಲಿಲ್ಲ. ನಮ್ಮನೆ ಅಟ್ಟದಲ್ಲಿ ಇಟ್ಟಿದ್ದಾಗ ಇಲಿ ಹೊಕ್ಕೊಂಡು ಒಳಗೆ ಕಡಿದಾಕಿತ್ತು. ರಿಪೇರಿ ಮಾಡಿಸ್ತೀನಿ ಮಾಡಿಸ್ತೀನಿ ಅಂದ್ಕೊಂಡೇ ಆ ನಾಟಕದ ಮಟ್ಟೆಲ್ಲ ಅದನ್ನ ಬಿಟ್ಟು ಹಾಕ್ಬಿಟ್ರು.'

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಕೀಬೋರ್ಡಿನ ಮೇಲೆ ಹಣೆಯಿಟ್ಟುಬಿಟ್ಟಳು. ಹತ್ತಾರು ಸ್ವರ ಒಟ್ಟಿಗೆ ಕೂಗಿಕೊಂಡವು. ಅಳುತ್ತಿದ್ದಾಳೋ ಏನೋ ಎಂದು ನನ್ನ ಹೆಂಡತಿ ಓಡಿ ಹೋದಳು. ನೋಡಿದರೆ ನಗು ತಡೆಯಲಾಗದೆ ಒದ್ದಾಡುತ್ತಿದ್ದಾಳೆ.

'ಆಂಟಿ, ಆ ಜಂಪ್ ಬಗ್ಗೆ ನಾನು ಮ್ಯೂಸಿಕ್ ಕಾಲೇಜಲ್ಲಿ ಇಷ್ಟುದ್ದ ಬರ್ದಿದೀನಿ. ಅದು ಯಾವ ರಾಗದ್ದು, ಎಲ್ಲಿಂದ ಬಂದಿರ್ಬಹುದು ಅಂತೆಲ್ಲ. ನಮ್ಮ ಪ್ರೊಫೆಸರ್ ತುಂಬಾ ಮೆಚ್ಕೊಂಡಿದ್ರು.'

'ಇಲಿಯಿಂದ ಬಂದಿದ್ದು ಅಂತ ಬರೀಬೇಕಿತ್ತು' ಎಂದ ಬಾಮೈದ.

ಅಂಗಳಕ್ಕೆ ಅಂಗಳವೇ ನಗುತ್ತಿದ್ದಾಗ, ಅಷ್ಟು ಹೊತ್ತೂ ತುದಿಯ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ಬಾಯಿ ಬಿಟ್ಟರು.

'ಗಂಟಲೊಳಗೆ ಇಲಿ ಹೋಗಿರ್ಲಿಲ್ವಲ್ಲ. ಮನೇಲಿ ಇವ್ಳನ್ನ ಎತ್ಕೊಂಡು ಹಾಡೋವಾಗ್ಲೂ ಅದೊಂದು ಸ್ವರ ಬಿಟ್ಟೇ ಹಾಡೋರು. ಅವ್ರಿಗೆ ಅದೇ ಚೆಂದ ಕಂಡಿತ್ತೋ ಏನೋ.'

ನಗು ಇಳಿಯಿತು. ಅವಳು ಅಪ್ಪನ ಕಡೆ ತಿರುಗಿದಳು. ಅವರು ಇಷ್ಟು ಹೇಳಿದ್ದೇ ಹೆಚ್ಚೆಂದು ನನಗೂ ಅನ್ನಿಸಿತು. ಅಣ್ಣ ಅವರ ಹತ್ತಿರ ಹೋಗಿ, ಬಗ್ಗಿ, ಮುಖವನ್ನು ಸರಿಯಾಗಿ ನೋಡಿದ.

'ಸ್ವಾಮಿ, ತಾಳ ತಪ್ಪದ ಹುಡುಗ ನೀವೇಯಾ?'

'ಯಾವ ಹುಡುಗ?'

'ನಾವು ತಾಳ ತಪ್ಪಿದಾಗೆಲ್ಲ ಮೇಷ್ಟ್ರು ಹೇಳೋರು. ನನ್ನ ಮಗ ಇನ್ನೂ ಹತ್ತು ವರ್ಷದೋನು, ಅವ್ನು ಒಂದ್ ದಿನ ತಾಳ ತಪ್ಪಿಲ್ಲ, ನೀವು ಕತ್ತೆ ವಯಸ್ನೋರು ತಪ್ತೀರಲ್ಲ ಅಂತ. ನಿಮ್ಮ ಹೆಸ್ರು ಕೇಳಿ ಕೇಳಿ ನಮ್ಗೆ ನಿಮ್ಮ ಮೇಲೆ ಭಾರಿ ಸಿಟ್ಟಿತ್ತು.'

ನನ್ನ ಕಾಲದಲ್ಲೂ ಮೇಷ್ಟ್ರು ಅದೇ ಮಾತು ಹೇಳುತ್ತಿದ್ದರು. ಆಗ ಮಗ ಮದುವೆಯಾಗಿ ಬ್ಯಾಂಕಿನಲ್ಲಿದ್ದರೂ ನಮ್ಮನ್ನು ಬೈಯುವಾಗ ಅವನ ವಯಸ್ಸು ಹತ್ತೇ. ಇದನ್ನು ಹೇಳಿದೆ.

ಅವರು ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿದರು. 'ನಂಗೆ ಅವ್ರು ತಾಳ ಹೇಳ್ಕೊಟ್ಟೇ ಇಲ್ಲ. ನಾನು ತಾಳ ಮುಟ್ಟಿದ್ದೇ ಇಲ್ಲ.'

'ಹಂಗಾರೆ ಅಷ್ಟು ವರ್ಷ ನಮ್ಮನ್ನ ಸುಳ್ಳು ಹೇಳಿ ಬೈದವ್ರಲ್ಲ!' ಎಂದು ಅಣ್ಣ ತೊಡೆ ತಟ್ಟಿಕೊಂಡ. ಮತ್ತೊಮ್ಮೆ ನಗುವಿನ ಅಲೆ ಎದ್ದಿತು. ಈ ಸಲ ಅವರೂ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ನಾವು ನೋಡದವರ ಹಾಗೆ ಇದ್ದೆವು.

ಅಣ್ಣ ಸುಮ್ಮನೆ ಬಿಡುವವನಲ್ಲ. ಒಳಗಿನಿಂದ ಭಜನೆಯ ತಾಳ ತರಿಸಿ ಅವರ ಕೈಗೆ ಇಟ್ಟ. 'ಹಿಡೀರಿ ಸ್ವಾಮಿ. ಮೇಷ್ಟ್ರ ಮಾತು ದಿಟವೋ ಸುಳ್ಳೋ ನೋಡೇ ಬಿಡಾನ.'

ಅವರು ಬೇಡ ಬೇಡ ಎಂದರು. ಮಗಳು ಎದ್ದು ಹೋಗಿ ಕುರ್ಚಿಯನ್ನು ಅವರ ಸಮೇತ ಎಳೆಯಲು ನೋಡಿದಳು. ಆಗದೆ, ಕೈಹಿಡಿದು ತಂದು ಕೀಬೋರ್ಡಿನ ಪಕ್ಕ ಕೂರಿಸಿದಳು. ನನ್ನ ಗೆಳೆಯನನ್ನು ಎಲ್ಲರೂ ಹಾಡು ಹಾಡು ಎಂದು ದೂಡಿದರು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ, ರಾಣಿಯ ಹಾಡು ಹಿಡಿದ. ಆ ಮೀಸೆಯ ಅಡಿಯಿಂದ ಹೊರಟ ದನಿ ಮೊದಮೊದಲು ಬಿರಿಯಿತು. ಆಮೇಲೆ ದಾರಿ ಹಿಡಿಯಿತು. ನುಣುಪಾದ, ಎಳೆಯ ದನಿ, ಅವನದೇ ಎಂದು ಎದುರಿಗಿದ್ದರೂ ನಂಬಲಾಗದಂಥದು. ಅವಳು ಎಡಗೈಯಲ್ಲಿ ತನ್ನ ಕಡೆಯ ಸ್ವರಗಳನ್ನು ಸೇರಿಸುತ್ತ ಹೋದಳು. ನಮ್ಮ ಹಳೆಯ ಹಾಡಿನ ಕೆಳಗೆ ಯಾರೋ ಹೊಸ ನೆಲ ಹಾಸಿದ ಹಾಗೆ ಕೇಳಿಸಿತು. ಹಾಡು ಮಾತ್ರ ಎಲ್ಲೂ ಬೇರೆಯಾಗಲಿಲ್ಲ. ಆಕೆಯ ಅಪ್ಪ ತಲೆ ಬಗ್ಗಿಸಿಕೊಂಡು ತಾಳ ಹಾಕುತ್ತಿದ್ದರು. ಮೊದಲ ಸಾಲಿಗೆ ಹೆದರಿ ಹೆದರಿ, ಆಮೇಲೆ ಗಟ್ಟಿಯಾಗಿ. ಕೊನೆಯವರೆಗೂ ಒಂದು ಪೆಟ್ಟೂ ತಪ್ಪಲಿಲ್ಲ.

'ಮೇಷ್ಟ್ರು ಸುಳ್ಳು ಹೇಳೋರಲ್ಲ ಬಿಡ್ರಪ್ಪ' ಎಂದ ಅಣ್ಣ.

ಮಧ್ಯಾಹ್ನ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಅವಳ ಅಪ್ಪನೂ ನಮ್ಮಣ್ಣನೂ ಒಂದೇ ಸಾಲಿನಲ್ಲಿ ಕೂತು ಉಂಡರು. ಮೇಷ್ಟ್ರು ಊಟಕ್ಕೆ ಕೂತರೆ ಮನೆಯ ವಿಷಯವನ್ನೇ ಮಾತಾಡುತ್ತಿದ್ದರು, ಊರಿಂದ ಹೊರಡುವಾಗ ಮಗನಿಗೆಂದು ಚಕ್ಕೋತ ಕೇಳಿ ಕೀಳಿಸಿಕೊಂಡು ಹೋಗುತ್ತಿದ್ದರು ಎಂದು ಅಣ್ಣ ಹೇಳಿದ. ಆ ಹಣ್ಣು ಬರುತ್ತಿದ್ದುದು ತನಗೆ ಚೆನ್ನಾಗಿ ನೆನಪಿದೆ, ಪೇಟೆಯಲ್ಲಿ ಕೊಂಡದ್ದೆಂದು ತಿಳಿದಿದ್ದೆ ಎಂದರು ಅವರು. ಊಟವಾದ ಮೇಲೆ ತಾವಾಗಿಯೇ ಎದ್ದು ಹೋಗಿ ಹಿತ್ತಲಿನಲ್ಲಿ ಮರ ಇದೆಯಾ ಎಂದು ನೋಡಿಕೊಂಡು ಬಂದರು. ಇತ್ತು. ಅವರ ಕಾರಿನ ಹಿಂಭಾಗದಲ್ಲಿ ಕೀಬೋರ್ಡಿಗೆ ಜಾಗ ಸಾಲದಷ್ಟು ಹಣ್ಣು ತುಂಬಿಸಿ ಕಳಿಸಿದೆವು.

ಕೆಲವು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಅವಳ ಕಾರ್ಯಕ್ರಮ ಇತ್ತು. ನಮ್ಮೂರಿಂದ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದೆವು. ಅವಳು ಇಲಿಯ ಕಥೆಯನ್ನು ವೇದಿಕೆಯ ಮೇಲೆ ಹೇಳಿದಳು. ಆ ಸ್ವರ ಸೇರಿಸಿಯೂ ಒಮ್ಮೆ ನುಡಿಸಿ ತೋರಿಸಿದಳು, ಬಿಟ್ಟೂ ನುಡಿಸಿದಳು. ಬಿಟ್ಟದ್ದೇ ಚೆನ್ನ ಎಂದು ಜನ ಕೂಗಿದರು. ಅವಳ ಅಪ್ಪ ಮುಂದಿನ ಸಾಲಿನಲ್ಲಿದ್ದರು. ಮಗಳ ಕಾರ್ಯಕ್ರಮಕ್ಕೆ ಅವರು ಬರುವುದೇ ಅಪರೂಪವಂತೆ. ಆ ದಿನ ಬೆರಳುಗಳು ಮಾತ್ರ ಕುರ್ಚಿಯ ಕೈಮೇಲೆ ಸುಮ್ಮನಿರಲಿಲ್ಲ. ಡ್ರಮ್ಮಿನವನು ಒಬ್ಬನೇ ಬಾರಿಸುವಾಗ ಅಣ್ಣ, ಜನವೆಲ್ಲ ಉಸಿರು ಹಿಡಿದು ಕೂತ ಹೊತ್ತಿಗೆ ಸರಿಯಾಗಿ, ರಾಜನ ಗತ್ತಿನಲ್ಲಿ 'ಶಹಬ್ಬಾಸ್!' ಎಂದ. ಹುಡುಗ ಕೋಲು ಎತ್ತಿ ಅಣ್ಣನಿಗೆ ನಮಸ್ಕಾರ ಮಾಡಿ, ಇನ್ನೊಂದು ಸುತ್ತು ಜಾಸ್ತಿ ಬಾರಿಸಿದ. ಮುಗಿದ ಮೇಲೆ ಅಣ್ಣ ಅವನ ರಟ್ಟೆ ಹಿಡಿದು ನೋಡಿ, 'ಏನಪ್ಪಾ, ಇಷ್ಟು ಬಡಿತೀಯ, ಊಟ ಮಾಡ್ತೀಯೋ ಇಲ್ವೋ?' ಎಂದು ಕೇಳಿದ. ಕೇರಳದ ಹುಡುಗ, ಅರ್ಥವಾಗದೆ ಅವಳ ಕಡೆ ನೋಡಿದ. ಅವಳು ಏನು ಹೇಳಿದಳೋ, ಅವನು ಅಣ್ಣನನ್ನು ತಬ್ಬಿಕೊಂಡ.

ನಮ್ಮೂರಿನಲ್ಲಿ ಮತ್ತೆ ನಾಟಕ ಕಟ್ಟಬೇಕು ಎಂಬ ಮಾತು ಆ ರಾತ್ರಿ ಟೆಂಪೋದಲ್ಲೇ ಶುರುವಾಯಿತು. ಇನ್ನೂ ಮಾತಾಗಿಯೇ ಇದೆ. ಒಬ್ಬರಿಗೆ ಶಿಫ್ಟು, ಇನ್ನೊಬ್ಬರಿಗೆ ಹೂವಿನ ಕೊಯ್ಲು. ನನ್ನ ಗೆಳೆಯ ಮಾತ್ರ ಯಾರಿಗೂ ಕಾಯುತ್ತಿಲ್ಲ. ದಿನಾ ಸಂಜೆ ದಾಬಸ್‌ಪೇಟೆಯಿಂದ ಬೈಕಿನಲ್ಲಿ ಬರುವಾಗ ಹಾಡಿಕೊಂಡೇ ಬರುತ್ತಾನೆ. ಬೀದಿ ತಿರುಗುವಾಗಲೇ ಹೆಲ್ಮೆಟ್ಟಿನೊಳಗಿಂದ ರಾಣಿಯ ದನಿ ಕೇಳಿಸುತ್ತದೆ, ಅದನ್ನು ಕೇಳಿ ಕಾಫಿಗೆ ಹಾಲಿಡುತ್ತೇನೆ ಎಂದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದಾಳೆ.